ಫಾರ್ವರ್ಡ್ ಸ್ಲಿಪ್ ಹಾಕಿ ಇಳಿಯುವುದು ಹೇಗೆ: ಎತ್ತರ ಕಳೆಯಬೇಕು, ವೇಗ ಏರಬಾರದು

ಫಾರ್ವರ್ಡ್ ಸ್ಲಿಪ್‌ನಲ್ಲಿ, ಅಂದರೆ ಇಳಿಯಲು ಬರುವಾಗ ವಿಮಾನವನ್ನು ಓರೆಯಾಗಿ ಜಾರಿಸಿ ಎತ್ತರ ಕಳೆಯುವುದರಲ್ಲಿ, ಎಡವುವವರು ಹೆಚ್ಚುಕಡಿಮೆ ಎಲ್ಲರೂ ಒಂದೇ ಕಡೆ ಎಡವುತ್ತಾರೆ. ರೆಕ್ಕೆ ಬಾಗಿಸುತ್ತಾರೆ, ವಿರುದ್ಧ ಕಡೆಯ ಪೆಡಲ್ ತುಳಿಯುತ್ತಾರೆ. ಅಲ್ಲಿವರೆಗೆ ಎಲ್ಲ ಸರಿ. ಆಮೇಲೆ ತಮಗೇ ಗೊತ್ತಿಲ್ಲದಂತೆ ಮೂಗನ್ನು ಕೆಳಗೆ ಬಿಡುತ್ತಾರೆ. ವಿಮಾನ ಬೇಗ ಇಳಿಯುತ್ತದೆ ನಿಜ, ಜೊತೆಗೆ ವೇಗವೂ ಏರುತ್ತದೆ. ಸ್ಲಿಪ್ ಬಿಟ್ಟ ಮೇಲೆ ಆ ವೇಗ ಕರಗುವ ತನಕ ವಿಮಾನ ರನ್‌ವೇ ಮೇಲೆ ತೇಲುತ್ತಾ ಹೋಗುತ್ತದೆ. ಅಷ್ಟೆಲ್ಲ ಕಷ್ಟಪಟ್ಟು ಎತ್ತರ ಕಳೆದು ಬಂದ ಲಾಭ ಏನೂ ಇಲ್ಲ.

ಸ್ಲಿಪ್ ಇರುವುದು ಎತ್ತರ ಕಳೆಯುವುದಕ್ಕೆ. ವಿಮಾನದ ಪಕ್ಕೆಯನ್ನು ಗಾಳಿಗೆ ಒಡ್ಡಿದರೆ ಎಳೆತ ಜಾಸ್ತಿಯಾಗುತ್ತದೆ. ಆ ಎಳೆತದಿಂದಾಗಿ ವೇಗ ಏರದೆಯೇ ಕಡಿದಾಗಿ ಇಳಿಯಬಹುದು. ಮೂಗು ಹಿಡಿಯದಿದ್ದರೆ ಇದು ಸ್ಲಿಪ್ ಅಲ್ಲ, ಓರೆಯಾಗಿ ಹಾಕಿದ ಡೈವ್.

ಇಲ್ಲಿ ಬರೆದಿರುವುದೆಲ್ಲ ಸೆಸ್ನಾ 172 ಅನ್ನು ಮುಂದಿಟ್ಟುಕೊಂಡು. ಬೇರೆ ವಿಮಾನವಾದರೆ ಕ್ರಮ ಹೆಚ್ಚುಕಡಿಮೆ ಇದೇ, ಅಂಕಿಗಳು ಮಾತ್ರ ಬೇರೆ. ಮೊದಲ ಸಲ ಒಬ್ಬರೇ ಮಾಡಬೇಡಿ. ಪಕ್ಕದ ಸೀಟಿನಲ್ಲಿ ಇನ್‌ಸ್ಟ್ರಕ್ಟರ್ ಇರಲಿ.

## ಎರಡು ಸ್ಲಿಪ್, ಎರಡು ಕೆಲಸ

ಸೈಡ್ ಸ್ಲಿಪ್ ಅಡ್ಡಗಾಳಿಗೆ. ಅದರಲ್ಲಿ ಮೂಗು ರನ್‌ವೇ ಉದ್ದಕ್ಕೆ ನೇರವಾಗಿರುತ್ತದೆ. ಗಾಳಿ ಬರುವ ಕಡೆಯ ರೆಕ್ಕೆ ತಗ್ಗಿಸಿ, ಪಕ್ಕಕ್ಕೆ ಸರಿಯದ ಹಾಗೆ ತಡೆಯುತ್ತೀರಿ.

ಫಾರ್ವರ್ಡ್ ಸ್ಲಿಪ್ ಎತ್ತರ ಕಳೆಯುವುದಕ್ಕೆ. ಇದರಲ್ಲಿ ವಿಮಾನ ಸಾಗುವುದು ಸೆಂಟರ್ ಲೈನ್ ಮೇಲೇ, ಆದರೆ ಮೂಗು ಒಂದು ಪಕ್ಕಕ್ಕೆ ತಿರುಗಿರುತ್ತದೆ. ರನ್‌ವೇ ಕಾಣುವುದು ಗಾಜಿನ ಮೂಲೆಯಲ್ಲಿ, ಕೆಲವೊಮ್ಮೆ ಪಕ್ಕದ ಕಿಟಕಿಯಲ್ಲಿ. ಎರಡರಲ್ಲೂ ಏಲರಾನ್ (ರೆಕ್ಕೆ ಬಾಗಿಸುವ ಫಲಕ) ಒಂದು ಕಡೆ, ರಡ್ಡರ್ (ಪೆಡಲ್ ಒತ್ತಿದಾಗ ಮೂಗು ತಿರುಗಿಸುವ ಬಾಲದ ಫಲಕ) ಇನ್ನೊಂದು ಕಡೆ. ವ್ಯತ್ಯಾಸ ಇರುವುದು ಎಷ್ಟು ರಡ್ಡರ್ ಎನ್ನುವುದರಲ್ಲಿ, ಮೂಗು ಎಲ್ಲಿಗೆ ನೋಡುತ್ತಿದೆ ಎನ್ನುವುದರಲ್ಲಿ.

## ವಿಮಾನ ಹತ್ತುವ ಮುಂಚೆ

ಬೇಕಾದ ಸಾಮಾನು ಕಡಿಮೆ. ನಿಮ್ಮದೇ ವಿಮಾನದ ಪಿಒಎಚ್ (ಪೈಲಟ್ ಕೈಪಿಡಿ), ತೂಕದ ಲೆಕ್ಕ, ಗಾಳಿಯ ವರದಿ. ಪಿಒಎಚ್‌ನಲ್ಲಿ ಮೂರು ವಿಷಯ ಹುಡುಕಿ ಗುರುತು ಹಾಕಿಕೊಳ್ಳಿ.

ಫ್ಲಾಪ್ (ರೆಕ್ಕೆಯ ಹಿಂದಂಚಿನಲ್ಲಿ ಕೆಳಗಿಳಿಸುವ ಫಲಕ) ಜೊತೆ ಸ್ಲಿಪ್. 172ರ ಎಸ್ ಮಾದರಿಯ (172ಎಸ್) ಪಿಒಎಚ್ ಪ್ರಕಾರ ಫ್ಲಾಪ್ 20 ಡಿಗ್ರಿಗಿಂತ ಜಾಸ್ತಿ ಇದ್ದಾಗ ಕಡಿದಾದ ಸ್ಲಿಪ್ ಹಾಕದಿರುವುದು ಒಳ್ಳೆಯದು. ಕೆಲವು ವೇಗ, ಸ್ಲಿಪ್ ಕೋನ ಮತ್ತು ತೂಕದ ಹಂಚಿಕೆ ಒಟ್ಟಿಗೆ ಸೇರಿದರೆ ಎಲಿವೇಟರ್ (ಮೂಗು ಏರಿಳಿಸುವ ಬಾಲದ ಫಲಕ) ಸ್ವಲ್ಪ ಮೇಲೆ ಕೆಳಗೆ ಆಡುತ್ತದೆ. ಹಳೆಯ ಕೆಲವು 172 ಮಾದರಿಗಳಲ್ಲಿ ಮಾತು ಇನ್ನೂ ಬಿಗಿಯಾಗಿದೆ, ಮೂಗು ದಿಢೀರ್ ಕೆಳಗೆ ಹೋಗಬಹುದು ಎಂಬ ಕಾರಣಕ್ಕೆ. ಹ್ಯಾಂಗರ್ ಪಕ್ಕದ ಟೀ ಅಂಗಡಿಯಲ್ಲಿ ಯಾರೋ ‘ಏನೂ ಆಗಲ್ಲ ಬಿಡಿ’ ಎಂದರು ಅಂತ ಬಿಡಬೇಡಿ. ನೀವು ಹಾರಿಸುವ ವಿಮಾನದ ಪುಸ್ತಕ ಮತ್ತು ಕಾಕ್‌ಪಿಟ್‌ನಲ್ಲಿ ಅಂಟಿಸಿರುವ ಫಲಕ, ಇವೆರಡರ ಮಾತೇ ಕೊನೆ.

ಪೆಟ್ರೋಲ್. ಸ್ಲಿಪ್‌ನಲ್ಲಿ ಟ್ಯಾಂಕಿನ ಇಂಧನ ಒಂದು ಪಕ್ಕಕ್ಕೆ ಹರಿಯುತ್ತದೆ. ಟ್ಯಾಂಕ್ ಅರೆಬರೆ ಇದ್ದರೆ ಹೊರಹೋಗುವ ಬಾಯಿಗೆ ಇಂಧನ ಸಿಗದೇ ಹೋಗಬಹುದು. ಒಂದು ಟ್ಯಾಂಕ್ ಖಾಲಿ ಇದ್ದರೆ ಸ್ಲಿಪ್ 30 ಸೆಕೆಂಡ್ ದಾಟಬಾರದು ಎಂದು 172ಎಸ್ ಪುಸ್ತಕ ಹೇಳುತ್ತದೆ. ಲ್ಯಾಂಡಿಂಗ್‌ಗೆ ಇಂಧನದ ಸೆಲೆಕ್ಟರ್ ‘ಬೋತ್’ನಲ್ಲಿ (ಎರಡೂ ಟ್ಯಾಂಕ್) ಇರಲಿ. ಇಂಧನ ಕಡಿಮೆಯಿದ್ದ ದಿನ ಸ್ಲಿಪ್ ಅಭ್ಯಾಸ ಬೇಡ.

ಸ್ಟ್ಯಾಟಿಕ್ ಪೋರ್ಟ್ (ಹೊರಗಿನ ಗಾಳಿಯ ಒತ್ತಡ ಅಳೆಯುವ ತೂತು) ಎಲ್ಲಿದೆ? 172ರಲ್ಲಿ ಅದು ವಿಮಾನದ ಎಡಪಕ್ಕೆಯಲ್ಲಿ, ಮುಂಭಾಗದಲ್ಲಿದೆ. ಈ ಒಂದು ಚಿಕ್ಕ ತೂತು ಸ್ಲಿಪ್‌ನಲ್ಲಿ ವೇಗದ ಮುಳ್ಳಿಗೆ ಸುಳ್ಳು ಹೇಳಿಸುತ್ತದೆ. ಅದರ ವಿವರ 5ನೇ ಹಂತದಲ್ಲಿದೆ.

ಜೊತೆಗೆ ಯಾರಾದರೂ ಕೂತಿದ್ದರೆ ಮೊದಲೇ ಹೇಳಿಬಿಡಿ. ವಿಮಾನ ಓರೆಯಾಗಿ ಜಾರುವಾಗ ಮೈ ತಗ್ಗಿದ ರೆಕ್ಕೆಯ ಕಡೆಗೆ ಎಳೆಯುತ್ತದೆ. ಗೊತ್ತಿಲ್ಲದವರು ಗಾಬರಿಯಾಗಿ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾರೆ. ಕೈಗೆ ಸಿಗುವುದು ಯೋಕ್ (ವಿಮಾನದ ಸ್ಟೀರಿಂಗ್) ಆಗಿರಬಾರದು, ಅಲ್ವಾ? ಹಿಂದಿನ ಸೀಟಿನ ಬ್ಯಾಗು, ಡ್ಯಾಶ್ ಮೇಲಿನ ಫೋನು, ನೀರಿನ ಬಾಟಲಿ ಎಲ್ಲ ಭದ್ರವಾಗಿರಲಿ. ಬಾಟಲಿ ಉರುಳಿ ಪೆಡಲ್ ಕೆಳಗೆ ಸೇರಿದರೆ ಆಮೇಲೆ ಏನೂ ಮಾಡಲಾಗದು.

## ಹಂತ 1: ಸ್ಲಿಪ್ ನಿಜವಾಗಿ ಬೇಕೇ, ಲೆಕ್ಕ ಹಾಕಿ

ಎತ್ತರ ಜಾಸ್ತಿ ಅನಿಸಿದ ತಕ್ಷಣ ಪೆಡಲ್ ತುಳಿಯಬೇಡಿ. ಒಂದು ಕ್ಷಣ ಲೆಕ್ಕ ಮಾಡಿ.

ಏಮಿಂಗ್ ಪಾಯಿಂಟ್‌ಗೆ (ಇಳಿಯಲು ಗುರಿಯಿಟ್ಟ ಜಾಗಕ್ಕೆ) ಅರ್ಧ ನಾಟಿಕಲ್ ಮೈಲಿ ಇದೆ, ನೆಲದಿಂದ 500 ಅಡಿ ಮೇಲಿದ್ದೀರಿ, ವೇಗ 65 ನಾಟ್, ಗಾಳಿ ಇಲ್ಲ ಎಂದುಕೊಳ್ಳಿ. ಅಷ್ಟು ದೂರ ಸಾಗಲು ಸುಮಾರು 28 ಸೆಕೆಂಡ್ ಬೇಕು. 28 ಸೆಕೆಂಡಿನಲ್ಲಿ 500 ಅಡಿ ಎಂದರೆ ನಿಮಿಷಕ್ಕೆ 1,070 ಅಡಿಯಷ್ಟು ಇಳಿಯಬೇಕು. ಸ್ಲಿಪ್‌ನಿಂದ ಇದು ಆಗುವ ಕೆಲಸ. ಎದುರುಗಾಳಿ 10 ನಾಟ್ ಇದ್ದರೆ ಇನ್ನೂ ಸುಲಭ, ಸುಮಾರು 33 ಸೆಕೆಂಡ್ ಸಿಗುತ್ತದೆ, ನಿಮಿಷಕ್ಕೆ 900 ಅಡಿ ಚಿಲ್ಲರೆ ಸಾಕು.

ಅದೇ ದೂರದಲ್ಲಿ 800 ಅಡಿ ಮೇಲಿದ್ದರೆ? ನಿಮಿಷಕ್ಕೆ 1,700 ಅಡಿ. ಅದನ್ನು ಸ್ಲಿಪ್‌ನಿಂದ ಸರಿಮಾಡಲು ಹೋಗಬೇಡಿ. ಗೋ-ಅರೌಂಡ್ ಮಾಡಿ, ಇನ್ನೊಂದು ಸುತ್ತು ಬನ್ನಿ. ಎಂಜಿನ್ ಕೆಟ್ಟು ಇಳಿಯುತ್ತಿದ್ದರೆ ಮಾತು ಬೇರೆ, ಅಲ್ಲಿ ಎರಡನೇ ಸುತ್ತು ಇರುವುದಿಲ್ಲ. ಸ್ಲಿಪ್ ಚೆನ್ನಾಗಿ ಕಲಿತಿರಬೇಕು ಎನ್ನುವುದು ಅದಕ್ಕೇ.

ಇನ್ನೂ ಒಂದು ಪ್ರಶ್ನೆ: ನಿಮಗಿರುವುದು ಎತ್ತರದ ತೊಂದರೆಯೋ, ವೇಗದ ತೊಂದರೆಯೋ? ಫೈನಲ್‌ನಲ್ಲಿ (ರನ್‌ವೇಗೆ ನೇರವಾಗಿ ಬರುವ ಕೊನೆಯ ಹಾದಿಯಲ್ಲಿ) 80 ನಾಟ್ ಇದ್ದರೆ ಮೊದಲು ಅದನ್ನು ಇಳಿಸಿ. ಥ್ರಾಟಲ್ ಹಿಂದೆ ತಂದು, ಮೂಗು ಸ್ವಲ್ಪ ಎತ್ತಿ 65ಕ್ಕೆ ಬನ್ನಿ. ಆಮೇಲೂ ಎತ್ತರ ಜಾಸ್ತಿ ಇದ್ದರೆ ಆಗ ಸ್ಲಿಪ್.

## ಹಂತ 2: ಪವರ್ ಪೂರ್ತಿ ಕಡಿಮೆ ಮಾಡಿ, ವೇಗ ಕೂರಿಸಿ

ಥ್ರಾಟಲ್ ಪೂರ್ತಿ ಹಿಂದೆ, ಐಡಲ್. ಕಾರ್ಬುರೇಟರ್ ಇರುವ ಹಳೆಯ 172 ಆದರೆ ಅದಕ್ಕೂ ಮುಂಚೆ ಕಾರ್ಬ್ ಹೀಟ್ (ಕಾರ್ಬುರೇಟರ್‌ನಲ್ಲಿ ಮಂಜು ಕಟ್ಟದಂತೆ ಬಿಸಿಗಾಳಿ ಬಿಡುವ ಗುಂಡಿ) ಎಳೆಯಿರಿ. 172ಎಸ್‌ನಲ್ಲಿ ಫ್ಯೂಯಲ್ ಇಂಜೆಕ್ಷನ್ ಇರುವುದರಿಂದ ಆ ಗುಂಡಿಯೇ ಇಲ್ಲ.

ಪವರ್ ಇಟ್ಟುಕೊಂಡೇ ಸ್ಲಿಪ್ ಹಾಕುವುದು ತುಂಬಾ ಜನ ಮಾಡುವ ತಪ್ಪು. 1,500 ಆರ್‌ಪಿಎಮ್ ಹಾಗೇ ಬಿಟ್ಟು, ಕಾಲು ನೋಯುವಷ್ಟು ಪೆಡಲ್ ತುಳಿದು, ‘ಇಳೀತಾನೇ ಇಲ್ಲ ಸರ್’ ಎನ್ನುತ್ತಾರೆ. ಎಂಜಿನ್ ತಳ್ಳುತ್ತಿದ್ದರೆ ಇಳಿಯುವುದು ಹೇಗೆ?

ವೇಗ ಎಷ್ಟು ಇರಬೇಕು ಎನ್ನುವುದು ಪಿಒಎಚ್‌ನಲ್ಲಿದೆ. 172ಎಸ್‌ನಲ್ಲಿ ಫ್ಲಾಪ್ ಇಲ್ಲದ ಅಪ್ರೋಚ್‌ಗೆ 65ರಿಂದ 75 ನಾಟ್, ಪೂರ್ತಿ ಫ್ಲಾಪ್ ಇದ್ದರೆ 60ರಿಂದ 70. ಸ್ಲಿಪ್ ಹಾಕುವ ಮುಂಚೆ ವೇಗವನ್ನು ಒಂದು ಅಂಕಿಗೆ ತಂದು, ಟ್ರಿಮ್ ಮಾಡಿ (ಯೋಕ್ ಮೇಲಿನ ಒತ್ತಡ ಕಳೆದು), ಐದು ಸೆಕೆಂಡ್ ಹಾಗೇ ಹಿಡಿಯಿರಿ. ಈ ಐದು ಸೆಕೆಂಡಿನಲ್ಲಿ ಒಂದು ಮುಖ್ಯ ಕೆಲಸವಿದೆ. ಮೂಗಿನ ಮೇಲಂಚು ದಿಗಂತದಿಂದ ಎಷ್ಟು ಕೆಳಗಿದೆ ಎಂದು ನೋಡಿ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನಾಲ್ಕು ಬೆರಳೋ, ಐದು ಬೆರಳೋ, ನಿಮ್ಮ ಸೀಟಿನಿಂದ ಕಾಣುವ ಲೆಕ್ಕದಲ್ಲಿ. ಮುಂದೆ ಇದೇ ನಿಮ್ಮ ಸ್ಪೀಡ್ ಮೀಟರ್.

ಫ್ಲಾಪ್ ಹಾಕುವುದಿದ್ದರೆ ಈಗಲೇ ಹಾಕಿ ಮುಗಿಸಿ. ಪೂರ್ತಿ ಫ್ಲಾಪ್ ಆಗಲೇ ಇಳಿಸಿದ್ದು, ಪುಸ್ತಕ ಬೇಡ ಎನ್ನುತ್ತಿದ್ದರೆ, ಸ್ಲಿಪ್‌ಗೋಸ್ಕರ ನೆಲದ ಹತ್ತಿರ ಫ್ಲಾಪ್ ಮೇಲೆತ್ತಬೇಡಿ. ವಿಮಾನ ಕುಸಿಯುತ್ತದೆ. ಗೋ-ಅರೌಂಡ್ ಮಾಡಿ.

## ಹಂತ 3: ಯಾವ ರೆಕ್ಕೆ ತಗ್ಗಿಸಬೇಕು

ಅಡ್ಡಗಾಳಿ ಇದ್ದರೆ ಉತ್ತರ ಒಂದೇ: ಗಾಳಿ ಬರುವ ಕಡೆಯ ರೆಕ್ಕೆ ಕೆಳಗೆ. ಎಡದಿಂದ ಗಾಳಿ, ಎಡ ರೆಕ್ಕೆ ಕೆಳಗೆ, ಬಲ ಪೆಡಲ್. ಕೊನೆಗೆ ಫ್ಲೇರ್ (ನೆಲ ಮುಟ್ಟುವ ಮುನ್ನ ಮೂಗು ಎತ್ತುವುದು) ಹತ್ತಿರ ಬೇಕಾಗುವುದೂ ಎಡ ರೆಕ್ಕೆ ಕೆಳಗಿರುವ ಸೈಡ್ ಸ್ಲಿಪ್ಪೇ. ಉಲ್ಟಾ ಹಾಕಿದರೆ ಗಾಳಿಯೂ ನೀವೂ ಸೇರಿ ವಿಮಾನವನ್ನು ಸೆಂಟರ್ ಲೈನ್‌ನಿಂದ ಆಚೆ ತಳ್ಳುತ್ತೀರಿ, ಕೊನೇ ಗಳಿಗೆಯಲ್ಲಿ ಪೂರ್ತಿ ಮಗ್ಗಲು ಬದಲಿಸಬೇಕಾಗುತ್ತದೆ.

ಗಾಳಿ ಇಲ್ಲದಿದ್ದರೆ ಎಡ ರೆಕ್ಕೆ ತಗ್ಗಿಸುವುದು ಎಡ ಸೀಟಿನವರಿಗೆ ಅನುಕೂಲ. ಮೂಗು ಬಲಕ್ಕೆ ಹೋಗುತ್ತದೆ, ರನ್‌ವೇ ನಿಮ್ಮ ಎಡಗಡೆ ಗಾಜಿನಲ್ಲಿ ಚೆನ್ನಾಗಿ ಕಾಣುತ್ತದೆ. ಬಲ ರೆಕ್ಕೆ ತಗ್ಗಿಸಿದರೆ ಡ್ಯಾಶ್‌ಬೋರ್ಡ್ ಆಚೆ ಕತ್ತು ಚಾಚಿ ಹುಡುಕಬೇಕು. ಆದರೂ ಎರಡೂ ಕಡೆ ಕಲಿಯಿರಿ. ಗಾಳಿ ನಿಮ್ಮನ್ನು ಕೇಳಿ ಬೀಸುವುದಿಲ್ಲ.

## ಹಂತ 4: ಬಾಗಿಸಿ, ತುಳಿಯಿರಿ

ಏಲರಾನ್ ಮತ್ತು ರಡ್ಡರ್ ಒಟ್ಟಿಗೆ, ನಿಧಾನವಾಗಿ. ಎಡಕ್ಕೆ ಬಾಗಿಸುತ್ತಾ ಬಲ ಪೆಡಲ್ ಒತ್ತುತ್ತಾ ಹೋಗಿ. ಎರಡು ಮೂರು ಸೆಕೆಂಡ್ ತೆಗೆದುಕೊಳ್ಳಿ. ಜಾಡಿಸಿ ಒದೆಯಬೇಡಿ.

ರೆಕ್ಕೆ ಬಾಗಿದ್ದರಿಂದ ವಿಮಾನ ಎಡಕ್ಕೆ ತಿರುಗಲು ನೋಡುತ್ತದೆ, ರಡ್ಡರ್ ಬಲಕ್ಕೆ ಎಳೆಯುತ್ತದೆ. ಎರಡೂ ಸಮವಾದಾಗ ಮೂಗು ಬಲಕ್ಕೆ ನೋಡುತ್ತಾ ನಿಲ್ಲುತ್ತದೆ, ವಿಮಾನ ನೇರ ಸಾಗುತ್ತದೆ. ಟರ್ನ್ ಕೋ-ಆರ್ಡಿನೇಟರ್‌ನ ಚೆಂಡು ತಗ್ಗಿದ ರೆಕ್ಕೆಯ ಕಡೆ, ಕೊಳವೆಯ ತುದಿಗೆ ಹೋಗಿ ಕೂರುತ್ತದೆ. ಮೊದಲ ದಿನದಿಂದ ‘ಚೆಂಡು ಎತ್ತ ಹೋಗಿದೆಯೋ ಆ ಪೆಡಲ್ ಒತ್ತು’ ಎಂದು ಹೇಳಿಸಿಕೊಂಡು ಬಂದ ಕಾಲು ಇಲ್ಲಿ ತಾನಾಗಿಯೇ ಸಡಿಲವಾಗುತ್ತದೆ. ಬಿಡಬೇಡಿ. ಸ್ಲಿಪ್‌ನಲ್ಲಿ ಚೆಂಡು ಅಲ್ಲೇ ಇರಬೇಕು.

ಕಿವಿಗೂ ಗೊತ್ತಾಗುತ್ತದೆ. ಸುಯ್ ಎನ್ನುತ್ತಿದ್ದ ಗಾಳಿ ಪಕ್ಕೆಗೆ ಬಡಿಯುವ ದಪ್ಪ ಸದ್ದಾಗುತ್ತದೆ. ಸೆಸ್ನಾದ ಹಳೇ ಬಾಗಿಲ ಸಂದಿಯಿಂದ ಸಿಳ್ಳೆ ಬರಬಹುದು. ಪೆಡಲ್ ಸಣ್ಣಗೆ ಅದುರಬಹುದು. ಇದೆಲ್ಲ ಮಾಮೂಲಿ.

## ಹಂತ 5: ಮೂಗು ಹಿಡಿಯಿರಿ, ಮುಳ್ಳನ್ನು ನಂಬಬೇಡಿ

ಇದೇ ಇಡೀ ಕೆಲಸದ ಗಂಟು. ಇಲ್ಲಿ ನಿಧಾನವಾಗಿ ಓದಿ.

ರೆಕ್ಕೆ ಬಾಗಿ, ಎಳೆತ ಹೆಚ್ಚಾದಾಗ ಮೂಗು ತಾನಾಗಿ ಕೆಳಗೆ ಜಾರಲು ನೋಡುತ್ತದೆ. ಯೋಕ್ ಸ್ವಲ್ಪ ಹಿಂದೆ ಎಳೆದು, 2ನೇ ಹಂತದಲ್ಲಿ ನೆನಪಿಟ್ಟುಕೊಂಡ ಜಾಗದಲ್ಲೇ ಮೂಗನ್ನು ಹಿಡಿಯಬೇಕು. ಮೂಗು ಪಕ್ಕಕ್ಕೆ ತಿರುಗಿರುವುದರಿಂದ ರನ್‌ವೇ ಮುಂದಿಲ್ಲ. ಆದ್ದರಿಂದ ರನ್‌ವೇಗೆ ಹೋಲಿಸಿ ನೋಡಬೇಡಿ. ಮೂಗಿನ ಮುಂದೆ ಕಾಣುವ ದಿಗಂತಕ್ಕೆ ಹೋಲಿಸಿ ನೋಡಿ. ಕಣ್ಣು ಎರಡು ಜಾಗ ಓಡಾಡಬೇಕು: ದಿಗಂತ, ಏಮಿಂಗ್ ಪಾಯಿಂಟ್. ಮತ್ತೆ ದಿಗಂತ.

ವೇಗದ ಮುಳ್ಳು ನೋಡಿ ಮೂಗು ಸರಿಮಾಡಿದರೆ ಏನಾಗುತ್ತದೆ? 172ರಲ್ಲಿ ಸ್ಟ್ಯಾಟಿಕ್ ಪೋರ್ಟ್ ಎಡಪಕ್ಕೆಯಲ್ಲಿದೆ ಎಂದೆನಲ್ಲ. ಎಡ ರೆಕ್ಕೆ ತಗ್ಗಿಸಿ ಮೂಗು ಬಲಕ್ಕೆ ತಿರುಗಿಸಿದಾಗ ಎಡಪಕ್ಕೆ ಗಾಳಿಗೆ ಎದುರಾಗುತ್ತದೆ. ಆ ತೂತಿಗೆ ಗಾಳಿ ಒತ್ತಿ ನುಗ್ಗುತ್ತದೆ, ಸ್ಟ್ಯಾಟಿಕ್ ಒತ್ತಡ ಏರುತ್ತದೆ, ಮುಳ್ಳು ಇರುವುದಕ್ಕಿಂತ ಕಡಿಮೆ ವೇಗ ತೋರಿಸುತ್ತದೆ. 65ರಲ್ಲಿದ್ದದ್ದು ಇದ್ದಕ್ಕಿದ್ದಂತೆ 55ರ ಹತ್ತಿರ ಕಾಣಬಹುದು. ನೀವು ಹೆದರಿ ಮೂಗು ಇಳಿಸುತ್ತೀರಿ. ನಿಜವಾದ ವೇಗ 75ಕ್ಕೆ ಹೋಗುತ್ತದೆ. ನಾನು ಮೊದಲು ಹೇಳಿದ ತೇಲಾಟ ಶುರುವಾಗುವುದು ಹೀಗೆ.

ಬಲ ರೆಕ್ಕೆ ತಗ್ಗಿಸಿದರೆ ಇದೇ ಉಲ್ಟಾ. ಎಡಪಕ್ಕೆ ಗಾಳಿಗೆ ಮರೆಯಾಗುತ್ತದೆ, ಒತ್ತಡ ಇಳಿಯುತ್ತದೆ, ಮುಳ್ಳು ಇರುವುದಕ್ಕಿಂತ ಜಾಸ್ತಿ ತೋರಿಸುವ ಸಂಭವ ಇದೆ. ‘ವೇಗ ಏರುತ್ತಿದೆ’ ಎಂದು ನೀವು ಮೂಗು ಎತ್ತುತ್ತೀರಿ. ನಿಜದಲ್ಲಿ ನಿಧಾನವಾಗುತ್ತಿದ್ದೀರಿ, ಅದೂ ಕಂಟ್ರೋಲ್‌ಗಳು ಅಡ್ಡಾದಿಡ್ಡಿ ಇರುವಾಗ. ಎರಡರಲ್ಲಿ ಅಪಾಯ ಜಾಸ್ತಿ ಇರುವುದು ಇದರಲ್ಲಿ. ಎಡಕ್ಕೆ ತಪ್ಪಿದರೆ ಉದ್ದ ತೇಲುತ್ತೀರಿ, ಬಲಕ್ಕೆ ತಪ್ಪಿದರೆ ಸ್ಟಾಲ್ (ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುವುದು) ಹತ್ತಿರ ಹೋಗುತ್ತೀರಿ.

ಎರಡೂ ಪಕ್ಕೆಯಲ್ಲಿ ಸ್ಟ್ಯಾಟಿಕ್ ಪೋರ್ಟ್ ಇರುವ ವಿಮಾನಗಳಲ್ಲಿ ಈ ತಪ್ಪು ಬಹಳಮಟ್ಟಿಗೆ ಕಳೆದುಹೋಗುತ್ತದೆ. ಆದರೂ ಪಿಟೋ ಟ್ಯೂಬ್‌ಗೆ (ವೇಗ ಅಳೆಯಲು ಎದುರಿನ ಗಾಳಿ ಹಿಡಿಯುವ ಕೊಳವೆಗೆ) ಗಾಳಿ ಓರೆಯಾಗಿ ಬರುತ್ತಿರುತ್ತದೆ, ಹಾಗಾಗಿ ಮುಳ್ಳಿಗೆ ಪೂರ್ತಿ ಮರ್ಯಾದೆ ಕೊಡುವ ಹಾಗಿಲ್ಲ.

ಸ್ಟಾಲ್ ಹಾರ್ನ್ ಕೂಗುತ್ತದಲ್ಲ ಎನ್ನುತ್ತೀರಾ? 172ರಲ್ಲಿ ಅದರ ಬಾಯಿ ಇರುವುದು ಎಡ ರೆಕ್ಕೆಯ ಮುಂದಂಚಿನಲ್ಲಿ. ಸ್ಲಿಪ್‌ನಲ್ಲಿ ಎರಡು ರೆಕ್ಕೆಗೂ ಗಾಳಿ ಒಂದೇ ಥರ ತಾಗುವುದಿಲ್ಲ. ಹಾರ್ನ್ ಕೂಗಿದರೆ ನಂಬಿ ಮೂಗು ಇಳಿಸಿ. ಕೂಗದಿದ್ದರೆ ಮಾತ್ರ ಅದನ್ನೇ ನಂಬಿ ಕೂರಬೇಡಿ.

## ಹಂತ 6: ದಾರಿ ಮತ್ತು ಆಳ ಹೊಂದಿಸಿ

ಸೆಂಟರ್ ಲೈನ್ ಬಿಟ್ಟು ಸರಿಯುತ್ತಿದ್ದರೆ ರಡ್ಡರ್ ಹಾಗೇ ಇಟ್ಟು, ಬಾಗು ಬದಲಿಸಿ. ತಗ್ಗಿದ ರೆಕ್ಕೆಯ ಕಡೆ ಸರಿಯುತ್ತಿದ್ದರೆ ಬಾಗು ಸ್ವಲ್ಪ ಕಡಿಮೆ. ಆಚೆ ಕಡೆ ಸರಿಯುತ್ತಿದ್ದರೆ ಸ್ವಲ್ಪ ಜಾಸ್ತಿ. ಕಾಲು ಮತ್ತು ಕೈ ಎರಡನ್ನೂ ಒಟ್ಟಿಗೆ ಆಡಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದೇ ಇಲ್ಲ.

ಪೆಡಲ್ ತುದಿ ಮುಟ್ಟಿದ ಮೇಲೆ ಅದೇ ಮಿತಿ. ಅದಕ್ಕಿಂತ ಜಾಸ್ತಿ ಬಾಗಿಸಿದರೆ ಹಿಡಿದಿಡಲು ರಡ್ಡರ್ ಉಳಿದಿರುವುದಿಲ್ಲ, ವಿಮಾನ ತಗ್ಗಿದ ಕಡೆಗೆ ತಿರುಗಿಬಿಡುತ್ತದೆ.

ಏಮಿಂಗ್ ಪಾಯಿಂಟ್ ಗಾಜಿನಲ್ಲಿ ಕೆಳಗೆ ಜಾರುತ್ತಿದ್ದರೆ ಇನ್ನೂ ಎತ್ತರ ಇದೆ. ಮೇಲೇರುತ್ತಿದ್ದರೆ ಸಾಕಾಯಿತು, ಸ್ಲಿಪ್ ಕಡಿಮೆ ಮಾಡಿ. ಪೂರ್ತಿ ಹಾಕು, ಪೂರ್ತಿ ಬಿಡು ಎಂಬ ನಿಯಮವೇನಿಲ್ಲ. ಅರ್ಧ ಸ್ಲಿಪ್‌ನಲ್ಲಿ ಆಗುವ ಕೆಲಸಕ್ಕೆ ಅರ್ಧವೇ ಸಾಕು. ಬೇಕಾದರೆ ಒಮ್ಮೆ ಬಿಟ್ಟು ಮತ್ತೆ ಹಾಕಬಹುದು.

## ಹಂತ 7: ಬಿಡುವುದು

ಹಾಕುವುದನ್ನು ಎಲ್ಲರೂ ಕಲಿಯುತ್ತಾರೆ, ಬಿಡುವುದನ್ನು ಕಲಿಯುವುದಿಲ್ಲ. ನೆಲದ ಹತ್ತಿರ ಗಡಿಬಿಡಿಯಾಗುವುದು ಇಲ್ಲಿ.

ಯಾವಾಗ ಬಿಡಬೇಕು? ಕಲಿಯುವ ಕಾಲದಲ್ಲಿ ನೆಲದಿಂದ 200 ಅಡಿಗೆ ಬಂದಾಗ ಸ್ಲಿಪ್ ಮುಗಿದಿರಬೇಕು. 200ಕ್ಕೆ ಬಿಡಲು ಶುರು ಮಾಡುವುದಲ್ಲ, ಮುಗಿದಿರಬೇಕು. ಬಿಟ್ಟ ಮೇಲೂ ಇಳಿತ ಮಾಮೂಲಿಗೆ ಬರಲು ಎರಡು ಮೂರು ಸೆಕೆಂಡ್ ಬೇಕು. ನಿಮಿಷಕ್ಕೆ 1,200 ಅಡಿ ಇಳಿಯುತ್ತಿದ್ದರೆ ಮೂರು ಸೆಕೆಂಡಿನಲ್ಲಿ 60 ಅಡಿ ಹೋಯಿತು. ಕೈ ಪಳಗಿದ ಮೇಲೆ ಇನ್ನೂ ಕೆಳಗಿನವರೆಗೆ ಹಿಡಿಯಬಹುದು, ಆದರೆ ಅದನ್ನು ನಿಮ್ಮ ಇನ್‌ಸ್ಟ್ರಕ್ಟರ್ ಹೇಳಲಿ.

ಹೇಗೆ ಬಿಡಬೇಕು? ರಡ್ಡರ್ ಸಡಿಲಿಸುತ್ತಾ ರೆಕ್ಕೆ ಸಮ ಮಾಡುತ್ತಾ ಬನ್ನಿ, ಎರಡೂ ಒಟ್ಟಿಗೆ, ಹಾಕಿದಷ್ಟೇ ನಿಧಾನವಾಗಿ. ಮೂಗನ್ನು ಮಾಮೂಲಿ ಗ್ಲೈಡ್‌ನ ಜಾಗದಲ್ಲಿ ಕೂರಿಸಿ. ಚೆಂಡು ನಡುವೆ ಬಂತು ಎಂದರೆ ಕೆಲಸ ಮುಗಿಯಿತು. ಪೆಡಲ್‌ನಿಂದ ಕಾಲನ್ನು ಫಟ್ ಅಂತ ತೆಗೆದರೆ ಮೂಗು ಜೋರಾಗಿ ತಿರುಗಿ ಬರುತ್ತದೆ, ವೇಗವೂ ಏರಿಬಿಡುತ್ತದೆ.

ಒಟ್ಟಿಗೆ ಆಗಲಿಲ್ಲ, ಹಿಂದೆ ಮುಂದೆ ಆಯಿತು ಎನ್ನಿ. ಆಗ ಯಾವುದು ಮೊದಲು ಬಿಡುವುದು ಮೇಲು? ನನ್ನ ಪ್ರಕಾರ ರಡ್ಡರ್. ರಡ್ಡರ್ ಮೊದಲು ಬಿಟ್ಟರೆ ಉಳಿಯುವುದು ಬಾಗಿದ ರೆಕ್ಕೆ, ಅಂದರೆ ಮಾಮೂಲಿ ತಿರುವು. ಸೆಂಟರ್ ಲೈನ್ ತಪ್ಪುತ್ತದೆ, ಅಷ್ಟೇ. ರೆಕ್ಕೆಯನ್ನು ಮೊದಲು ಸಮ ಮಾಡಿ ಕಾಲನ್ನು ಪೆಡಲ್ ಮೇಲೇ ಮರೆತರೆ ವಿಮಾನ ಆ ಪೆಡಲ್‌ನ ಕಡೆಗೆ ಸ್ಕಿಡ್ ಆಗುತ್ತದೆ. ಸ್ಕಿಡ್‌ನಲ್ಲಿ ಸ್ಟಾಲ್ ಆದರೆ ರಡ್ಡರ್ ಇರುವ ಕಡೆಯ ರೆಕ್ಕೆ ಮೊದಲು ಬೀಳುತ್ತದೆ, ಸ್ಪಿನ್‌ಗೆ (ಗಿರಗಿರ ಸುತ್ತುತ್ತಾ ಬೀಳುವುದಕ್ಕೆ) ನೇರ ದಾರಿ ಅದು. 300 ಅಡಿಯಲ್ಲಿ ಸ್ಪಿನ್ ಬಿಡಿಸಿಕೊಳ್ಳಲು ಜಾಗವಿಲ್ಲ.

ಬಿಟ್ಟ ಮೇಲೆ ಒಂದೆರಡು ಸೆಕೆಂಡ್ ಕಾಯಿರಿ, ಆಮೇಲೆ ವೇಗದ ಮುಳ್ಳು ನೋಡಿ. ಈಗ ಅದು ನಿಜ ಹೇಳುತ್ತದೆ. 65 ಬೇಕಿದ್ದ ಕಡೆ 65 ಅಥವಾ ಅದರ ಆಸುಪಾಸು ಇದ್ದರೆ ನೀವು ಮೂಗು ಚೆನ್ನಾಗಿ ಹಿಡಿದಿದ್ದಿರಿ. 75 ಇದ್ದರೆ ಗಮನಿಸಿ: ಬರೀ 10 ನಾಟ್ ಎನಿಸಬಹುದು, ಆದರೆ ಶಕ್ತಿ ಏರುವುದು ವೇಗದ ವರ್ಗದ ಲೆಕ್ಕದಲ್ಲಿ, ಮೂರನೇ ಒಂದು ಭಾಗದಷ್ಟು ಹೆಚ್ಚು. ಉದ್ದದ ರನ್‌ವೇ ಆದರೆ ತೇಲಲು ಬಿಡಿ. ಸಣ್ಣದಾದರೆ ಗೋ-ಅರೌಂಡ್ ಮಾಡಿ.

## ಹಂತ 8: ಫ್ಲೇರ್ ಮತ್ತು ನೆಲ

ಗಾಳಿ ಇಲ್ಲದಿದ್ದರೆ ಇಲ್ಲಿಂದ ಮಾಮೂಲಿ ಲ್ಯಾಂಡಿಂಗ್. ಅಡ್ಡಗಾಳಿ ಇದ್ದರೆ ರೆಕ್ಕೆ ಪೂರ್ತಿ ಸಮ ಮಾಡುವ ಅಗತ್ಯವಿಲ್ಲ. ಮೂಗು ಸೆಂಟರ್ ಲೈನ್‌ಗೆ ನೇರವಾಗುವಷ್ಟು ರಡ್ಡರ್ ಬಿಟ್ಟು, ಸರಿತ ನಿಲ್ಲುವಷ್ಟು ಬಾಗು ಉಳಿಸಿಕೊಂಡರೆ ಅದೇ ಸೈಡ್ ಸ್ಲಿಪ್. ಗಾಳಿ ಕಡೆಯ ಚಕ್ರ ಮೊದಲು ನೆಲ ಮುಟ್ಟುತ್ತದೆ.

ಮೂಗು ಓರೆ ಇಟ್ಟುಕೊಂಡು ಮಾತ್ರ ನೆಲ ಮುಟ್ಟಬೇಡಿ. ಚಕ್ರ, ಗೇರ್ ಕಾಲುಗಳ ಮೇಲೆ ಅಡ್ಡ ಹೊರೆ ಬೀಳುತ್ತದೆ, ವಿಮಾನ ರನ್‌ವೇ ಬಿಟ್ಟು ಆಚೆ ಎಳೆಯುತ್ತದೆ.

## ಸ್ಲಿಪ್‌ನಿಂದ ಗೋ-ಅರೌಂಡ್

ಕ್ರಮ ಮುಖ್ಯ. ರಡ್ಡರ್, ರೆಕ್ಕೆ ನೇರ ಮಾಡುತ್ತಲೇ ಥ್ರಾಟಲ್ ಪೂರ್ತಿ ಮುಂದೆ. ಕಾರ್ಬ್ ಹೀಟ್ ಇದ್ದರೆ ಒಳಗೆ. ಮೂಗು ಏರುವ ಜಾಗಕ್ಕೆ. ಫ್ಲಾಪ್ 20ಕ್ಕಿಂತ ಜಾಸ್ತಿ ಇದ್ದರೆ 20ಕ್ಕೆ, ಉಳಿದದ್ದು ಪುಸ್ತಕದ ವೇಗ ಬಂದ ಮೇಲೆ.

ಬಲ ರೆಕ್ಕೆ ತಗ್ಗಿಸಿ ಎಡ ಪೆಡಲ್ ತುಳಿದಿದ್ದಾಗ ಇನ್ನೂ ಎಚ್ಚರ ಬೇಕು. ಪವರ್ ಕೊಟ್ಟಾಗ ಸೆಸ್ನಾದ ಮೂಗು ಮೊದಲೇ ಎಡಕ್ಕೆ ಎಳೆಯುತ್ತದೆ. ಎಡ ಪೆಡಲ್ ಮೇಲೆ ಕಾಲು ಇಟ್ಟುಕೊಂಡೇ ಥ್ರಾಟಲ್ ತಳ್ಳಿದರೆ ಎರಡೂ ಸೇರಿ ಒಂದೇ ಕಡೆ ಎಳೆಯುತ್ತವೆ. ಎಡಗಾಲು ತೆಗೆಯಿರಿ, ಬಲಗಾಲು ಸಿದ್ಧವಾಗಿರಲಿ.

## ಇವು ಕಂಡರೆ ತಕ್ಷಣ ಸ್ಲಿಪ್ ಬಿಡಿ

- ಗಾಳಿಯ ಸದ್ದು ಕಡಿಮೆಯಾಗುತ್ತಾ, ಯೋಕ್ ಸಡಿಲ ಅನಿಸುತ್ತಿದೆ. ನಿಧಾನವಾಗುತ್ತಿದ್ದೀರಿ. ಮೊದಲು ಮೂಗು ಇಳಿಸಿ.
- ಯೋಕ್ ನಿಮ್ಮ ಕೈಯಲ್ಲಿ ಹಿಂದೆ ಮುಂದೆ ಮಿಡಿಯುತ್ತಿದೆ. ಫ್ಲಾಪ್ ಎಷ್ಟಿದೆ ನೋಡಿ.
- ಮೂಗು ನೀವು ಹೇಳದೆಯೇ ಕೆಳಗೆ ಬಿತ್ತು.
- ಎಂಜಿನ್ ತಡವರಿಸಿತು. ಇಂಧನ ಸಿಗುತ್ತಿಲ್ಲದಿರಬಹುದು. ವಿಮಾನ ನೇರ ಮಾಡಿ.
- ಪೆಡಲ್ ಪೂರ್ತಿ ತುಳಿದರೂ ವಿಮಾನ ತಗ್ಗಿದ ಕಡೆ ತಿರುಗುತ್ತಲೇ ಇದೆ.
- ಎಷ್ಟು ಎತ್ತರದಲ್ಲಿದ್ದೀರಿ ಎಂದು ಯಾರಾದರೂ ಕೇಳಿದರೆ ತಕ್ಷಣ ಹೇಳಲು ಆಗುತ್ತಿಲ್ಲ.

ಬೇಸ್‌ನಿಂದ (ಫೈನಲ್‌ಗೆ ಮುಂಚಿನ ಅಡ್ಡ ಹಾದಿಯಿಂದ) ಫೈನಲ್‌ಗೆ ತಿರುಗುವಾಗಲೇ ಸ್ಲಿಪ್ ಹಾಕುವವರೂ ಇದ್ದಾರೆ. ಅದು ಬೇರೆ ಪಾಠ. ಈಗ ಕಲಿಯುತ್ತಿದ್ದರೆ ಫೈನಲ್ ನೇರವಾದ ಮೇಲೆ ಮಾತ್ರ.

## ಅಭ್ಯಾಸ ಯಾವ ಕ್ರಮದಲ್ಲಿ

ಮೊದಲು ನೆಲದಿಂದ 3,000 ಅಡಿ ಮೇಲೆ, ಅಭ್ಯಾಸಕ್ಕೆ ಬಿಟ್ಟಿರುವ ಜಾಗದಲ್ಲಿ. ನೆಲದಿಂದ ಎಂದೆ, ಗಮನಿಸಿ. ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದ ಸುತ್ತಮುತ್ತ ನೆಲವೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ, ಆದ್ದರಿಂದ ಅಲ್ಲಿ ಆಲ್ಟಿಮೀಟರ್ 6,000 ತೋರಿಸಬೇಕು. ಕೆಳಗೆ ಒಂದು ನೇರ ರಸ್ತೆ ಹುಡುಕಿ, ಅದನ್ನೇ ಸೆಂಟರ್ ಲೈನ್ ಎಂದುಕೊಳ್ಳಿ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸ್ಲಿಪ್ ಹಾಕಿ. ಮೂಗಿನ ಜಾಗ ಒಂದೇ ಇಟ್ಟು, ಮುಳ್ಳು ಎರಡು ಸಲವೂ ಏನು ತೋರಿಸಿತು ಎಂದು ಬರೆದುಕೊಳ್ಳಿ. ನಿಮ್ಮ ವಿಮಾನದ ಸುಳ್ಳು ಎಷ್ಟು ನಾಟ್ ಎಂದು ಆಗ ಗೊತ್ತಾಗುತ್ತದೆ. ಕುತೂಹಲಕ್ಕೆಂದು ಸ್ಲಿಪ್‌ನಲ್ಲೇ ಸ್ಟಾಲ್ ಮಾಡಿ ನೋಡಲು ಹೋಗಬೇಡಿ.

ಆಮೇಲೆ ಉದ್ದದ ರನ್‌ವೇ, ತಣ್ಣನೆ ಬೆಳಗ್ಗೆ, ಗಾಳಿ ಇಲ್ಲದ ಹೊತ್ತು, ಅರ್ಧ ಸ್ಲಿಪ್. ಅದು ಕೈಗೆ ಕೂತ ಮೇಲೆ ಪೂರ್ತಿ ಸ್ಲಿಪ್. ಅಡ್ಡಗಾಳಿ ಕೊನೆಗೆ.

ಫ್ಲಾರಿಡಾದಂಥ ಕಡಲಮಟ್ಟದ ಊರಲ್ಲಿ ಕಲಿತು ಬಂದು ಜಕ್ಕೂರಿನಲ್ಲಿ ಹಾರಿಸುವವರಿಗೆ ಇನ್ನೊಂದು ಮಾತು. 30 ಡಿಗ್ರಿ ಬಿಸಿಲಿನ ಮಧ್ಯಾಹ್ನ ಜಕ್ಕೂರಿನ ಡೆನ್ಸಿಟಿ ಆಲ್ಟಿಟ್ಯೂಡ್ (ಗಾಳಿ ಎಷ್ಟು ತೆಳುವೋ ಅದಕ್ಕೆ ಹೊಂದುವ ಎತ್ತರ) 5,500 ಅಡಿಯ ಆಸುಪಾಸಿಗೆ ಹೋಗುತ್ತದೆ. ಮುಳ್ಳು 65 ತೋರಿಸಿದರೂ ವಿಮಾನ ನಿಜದಲ್ಲಿ ಸುಮಾರು 70 ನಾಟ್‌ನಲ್ಲಿ ಸಾಗುತ್ತಿರುತ್ತದೆ. ನೆಲ ಬೇಗ ಓಡಿದಂತೆ ಕಾಣುತ್ತದೆ, ತೇಲುವುದೂ ಜಾಸ್ತಿ. ಹಾಗೆಂದು ಮುಳ್ಳಿನ ಅಂಕಿ ಬದಲಿಸಬೇಡಿ, ಅದೇ 65. ಪಕ್ಕದಲ್ಲೇ ಏರ್‌ಪೋರ್ಟ್ ರಸ್ತೆಯ ಮೇಲ್ಸೇತುವೆ ಹಾದುಹೋಗುವುದರಿಂದ ಆ ಕಡೆಯಿಂದ ಬರುವವರು ಎತ್ತರ ಇಟ್ಟುಕೊಂಡೇ ಬರುತ್ತಾರೆ. ಆಮೇಲೆ ‘ಜಾಸ್ತಿಯಾಯಿತು’ ಎಂದು ಸ್ಲಿಪ್ ಹಾಕಿ ಮೂಗು ಬಿಟ್ಟರೆ ರನ್‌ವೇ ಉಳಿಯುವುದಿಲ್ಲ.

ಕೈ ಕೂತಿದೆಯೇ ಎಂದು ಅಳೆಯಲು ಅಮೆರಿಕದ ಪ್ರೈವೇಟ್ ಪೈಲಟ್ ಪರೀಕ್ಷೆಯ ಅಳತೆಯನ್ನೇ ಇಟ್ಟುಕೊಳ್ಳಬಹುದು. ಮೊದಲೇ ಹೇಳಿದ ಗುರುತಿನಿಂದ ಮುಂದೆ 400 ಅಡಿಯೊಳಗೆ ಚಕ್ರ ಮುಟ್ಟಬೇಕು, ಪಕ್ಕಕ್ಕೆ ಸರಿಯಬಾರದು, ಮೂಗು ಸೆಂಟರ್ ಲೈನ್‌ಗೆ ನೇರವಿರಬೇಕು. ಗುರುತನ್ನು ಫೈನಲ್‌ಗೆ ತಿರುಗುವ ಮುಂಚೆಯೇ ಇನ್‌ಸ್ಟ್ರಕ್ಟರ್‌ಗೆ ಬಾಯಿಬಿಟ್ಟು ಹೇಳಿ. ಇಳಿದ ಮೇಲೆ ಗುರುತು ಆರಿಸಿಕೊಂಡರೆ ಯಾರು ಬೇಕಾದರೂ ಪಾಸು.